ರಾನಿಯೇರಿ ಕೊಡಿಸಿದ ಪಿಜ್ಜಾ

2015ರಲ್ಲಿ ಇಟಲಿಯ ಫುಟ್‌ಬಾಲ್ ತರಬೇತುದಾರ ಕ್ಲಾಡಿಯೊ ರಾನಿಯೇರಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿಗೆ ಬಂದಾಗ ಹುಬ್ಬೇರಿಸಿದವರೇ ಹೆಚ್ಚು. ಕೆಲವು ತಿಂಗಳ ಹಿಂದಷ್ಟೇ ಅವರ ಗ್ರೀಸ್ ತಂಡ ತವರಿನಲ್ಲೇ ಪುಟ್ಟ ಫೆರೋ ದ್ವೀಪಗಳೆದುರು ಸೋತು, ಕೆಲಸವೂ ಹೋಗಿತ್ತು. ಲೆಸ್ಟರ್ ಲೀಗ್ ಗೆದ್ದರೆ ಒಂದಕ್ಕೆ ಐದು ಸಾವಿರ ಎಂದು ಬಾಜಿಯವರು ದರ ಕಟ್ಟಿದ್ದರು.

ಒಂದೂ ಗೋಲು ಬಿಟ್ಟುಕೊಡದೆ ಪಂದ್ಯ ಮುಗಿಸಿದರೆ ಪಿಜ್ಜಾ ಕೊಡಿಸುತ್ತೇನೆ ಎಂದು ರಾನಿಯೇರಿ ಹುಡುಗರಿಗೆ ಆಸೆ ತೋರಿಸಿದರು. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 1-0 ಗೆಲುವಿನ ನಂತರ ಮಾತು ಉಳಿಸಿಕೊಂಡರು. ಆದರೆ ಅಂಗಡಿಯಲ್ಲಿ ಹಿಟ್ಟು ತಟ್ಟಿ, ಸಾಸ್ ಸವರಿ, ಚೀಸ್ ಉದುರಿಸಬೇಕಾದವರು ಆಟಗಾರರೇ! ಮೈದಾನದಲ್ಲೂ ತಾವೇ ದುಡಿದು ಪಡೆಯುವ ಅದೇ ಧಾಟಿ: ಚೆಂಡು ಸದಾ ನಮ್ಮಲ್ಲೇ ಇರಬೇಕೆಂಬ ಹಟವಿಲ್ಲ, ಹಿಂದೆ ಒತ್ತಾಗಿ ನಿಲ್ಲುವುದು, ಮಿಡ್‌ಫೀಲ್ಡರ್ ಕಾಂಟೆ ಕಸಿದುಕೊಟ್ಟದ್ದನ್ನು ಸ್ಟ್ರೈಕರ್ ವಾರ್ಡಿಯ ಓಟಕ್ಕೆ ಒದಗಿಸುವುದು. 81 ಅಂಕ, ಪ್ರೀಮಿಯರ್ ಲೀಗ್ ಕಿರೀಟ. ಒಂಬತ್ತು ತಿಂಗಳಲ್ಲಿ ಅದೇ ಕ್ಲಬ್ ಅವರನ್ನು ಮನೆಗೆ ಕಳಿಸಿತು ಅನ್ನಿ.

ನನಗೆ ಮಾತ್ರ ಕಾಲಿಯಾರಿಯ ರಾನಿಯೇರಿಯೇ ಹೆಚ್ಚು ಇಷ್ಟ. 1988ರಲ್ಲಿ ಮೂರನೇ ದರ್ಜೆಯಲ್ಲಿದ್ದ ಈ ಸಾರ್ಡೀನಿಯಾ ತಂಡವನ್ನು ಎರಡೇ ವರ್ಷದಲ್ಲಿ ಇಟಲಿಯ ಅಗ್ರ ದರ್ಜೆಯಾದ ಸೀರೀ ಎಗೆ ಏರಿಸಿದರು. ಆಮೇಲೆ ನಾಪೋಲಿ, ಫಿಯೊರೆಂಟೀನಾ, ವೆಲೆನ್ಸಿಯಾ, ಚೆಲ್ಸಿ, ಯುವೆಂಟಸ್, ಮೊನಾಕೊ. ಎಷ್ಟು ಊರು ಸುತ್ತಿದರೂ 2023ರಲ್ಲಿ ಕಾಲಿಯಾರಿಗೇ ಮರಳಿ, ಬಾರಿ ನಗರದಲ್ಲಿ ಹೆಚ್ಚುವರಿ ನಿಮಿಷಗಳಲ್ಲಿ ಬಿದ್ದ ಪಾವೊಲೆತ್ತಿಯ ಗೋಲಿನಿಂದ ಅದನ್ನು ಮತ್ತೆ ಸೀರೀ ಎಗೆ ಎತ್ತಿದರು.

2024ರಲ್ಲಿ ನಿವೃತ್ತಿ ಘೋಷಿಸಿದರು. ಆದರೆ ಹುಟ್ಟೂರು ರೋಮ್ ಕರೆಯಿತು. 73ರ ವಯಸ್ಸಿನಲ್ಲಿ ಮತ್ತೆ ಬಂದು, ತಡವರಿಸುತ್ತಿದ್ದ ರೋಮಾ ತಂಡವನ್ನು ಐದನೇ ಸ್ಥಾನಕ್ಕೆ ತಂದು ನಿಲ್ಲಿಸಿದರು.