ಲಿಂಗ ನಿರ್ಧಾರದ ಪಾಠ: ಬಿಟ್ಟುಹೋದ ಒಂದು ಮಾತು

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕ ಲಿಂಗ ನಿರ್ಧಾರವನ್ನು ಸರಳವಾಗಿ ವಿವರಿಸುತ್ತದೆ: ತಂದೆಯಿಂದ ಎಕ್ಸ್ ವರ್ಣತಂತು ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವ ಸಮಾಜದಲ್ಲಿ ಈ ಪಾಠ ಬೇಕೇಬೇಕು. ಆದರೆ ಅದನ್ನು ಅಪವಾದವೇ ಇಲ್ಲದ ನಿಯಮದಂತೆ ಹೇಳಿರುವುದು ಸರಿಯಲ್ಲ.

ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ಜೀನ್ ಭ್ರೂಣದಲ್ಲಿ ವೃಷಣದ ಬೆಳವಣಿಗೆಗೆ ಚಾಲನೆ ನೀಡುತ್ತದೆ. 1990ರಲ್ಲಿ ಪತ್ತೆಯಾದ ಈ ಜೀನ್ ಮೊದಲ ಹೆಜ್ಜೆ ಮಾತ್ರ. ಮುಂದಿನ ಕೆಲಸ ಹಾರ್ಮೋನುಗಳದು. ಆಂಡ್ರೋಜನ್ ಹಾರ್ಮೋನಿಗೆ ಜೀವಕೋಶಗಳು ಸ್ಪಂದಿಸದಿದ್ದರೆ, ಎಕ್ಸ್‌ವೈ ಇದ್ದರೂ ಹೊರದೇಹ ಹೆಣ್ಣಿನದಾಗಿಯೇ ಬೆಳೆಯುತ್ತದೆ. ಇಂಥ ಹುಟ್ಟುಭಿನ್ನತೆಗಳುಳ್ಳವರೇ ಅಂತರಲಿಂಗಿಗಳು. ಮುಟ್ಟು ಆರಂಭವಾಗದಿದ್ದಾಗ ಕೆಲವರಿಗೆ ಇದು ತಿಳಿಯುತ್ತದೆ. ಅದು ಈ ಪಾಠ ಓದುವ ವಯಸ್ಸು!

ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಟರ್ನರ್, ಕ್ಲೈನ್‌ಫೆಲ್ಟರ್ ಸಿಂಡ್ರೋಮ್‌ಗಳು ಬರುತ್ತವೆ, ಆದರೆ ದೋಷಗಳ ಸಾಲಿನಲ್ಲಿ. ಅಲ್ಲಿ ಲಕ್ಷಣಗಳಿವೆ, ಮನುಷ್ಯರಿಲ್ಲ.

ಅಂತರಲಿಂಗಿ ಶಿಶುಗಳ ಲಿಂಗವನ್ನು 'ಸರಿಪಡಿಸುವ' ಶಸ್ತ್ರಚಿಕಿತ್ಸೆ ಕೂಡದೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. ಅದೇ ವರ್ಷ ತಮಿಳುನಾಡು ಸರ್ಕಾರ, ಜೀವಾಪಾಯದ ಸಂದರ್ಭ ಬಿಟ್ಟು, ಅದನ್ನು ನಿಷೇಧಿಸಿತು. ನ್ಯಾಯಾಲಯ ಗುರುತಿಸಿದ ಮಕ್ಕಳನ್ನು ಆರೋಗ್ಯ ಶಿಕ್ಷಣ ಗುರುತಿಸಬಾರದೇಕೆ?

ಹೊಸ ಪುಸ್ತಕ ಬರುವವರೆಗೆ ಕಾಯಬೇಕಿಲ್ಲ. ಶಿಕ್ಷಕರು 'ಸಾಮಾನ್ಯವಾಗಿ' ಎಂಬ ಪದವನ್ನು ಸೇರಿಸಿ, ದೇಹಗಳಲ್ಲಿ ಭಿನ್ನತೆ ಸಹಜವೆಂದು ಎರಡು ಮಾತು ಹೇಳಲಿ. ಯಾರನ್ನೂ ಉದಾಹರಣೆಯಾಗಿ ತೋರಿಸುವುದು ಬೇಡ. ಸಂದೇಹವಿರುವ ವಿದ್ಯಾರ್ಥಿ ನಾಚದೆ ವೈದ್ಯರ ಬಳಿ ಹೋಗುವಂತಾದರೆ ಪಾಠ ಸಾರ್ಥಕ.