ಎಲ್ಲರ ಬ್ಯಾಗಲ್ಲೂ ಎಲ್ಲವೂ

ಕಳಸ, ಹೊರನಾಡು ಸುತ್ತಿನ ಹೋಮ್‌ಸ್ಟೇಗಳ ಮುಂದೆ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಟೆಂಪೊ ಟ್ರಾವೆಲರುಗಳು ನಿಂತಿರುತ್ತವೆ. ಇಳಿಯುವವರ ಮೊಬೈಲಿನಲ್ಲೆಲ್ಲ ಒಂದೇ ಪಟ್ಟಿ: ಎರಡು ಲೀಟರ್ ನೀರು, ಟಾರ್ಚು, ರೇನ್‌ಕೋಟು, ಒಂದು ಜೊತೆ ಬಟ್ಟೆ, ಔಷಧಿ, ತಿಂಡಿ, ಪವರ್ ಬ್ಯಾಂಕು. ಕುದುರೆಮುಖ ಚಾರಣಕ್ಕೆ ಆಯೋಜಕರು ವಾಟ್ಸಾಪಿನಲ್ಲಿ ಹಾಕುವ ಈ ಪಟ್ಟಿಯಲ್ಲಿ ಬೇಡದ್ದು ಹೆಚ್ಚೇನಿಲ್ಲ. ನನ್ನ ತಕರಾರು ಬೇರೆ. ಅದರ ಒಂದೊಂದು ಸಾಲೂ ಒಂಟಿಯಾಗಿ ಹೊರಟವನಿಗೆ ಬರೆದಂತಿದೆ. ಹದಿನೈದು ಜನ ಒಟ್ಟಿಗೆ ಹೋಗುತ್ತಿದ್ದೇವೆ ಎಂಬುದು ಗಾಡಿ ಬಾಡಿಗೆ ಹಂಚುವಾಗ ನೆನಪಿರುತ್ತದೆ, ಹೊರೆ ಹಂಚುವಾಗ ಮರೆತುಹೋಗುತ್ತದೆ.

ಹೀಗಾಗಿ ಹದಿನೈದು ಬ್ಯಾಗಲ್ಲೂ ನೋವಿನ ಸ್ಪ್ರೇ ಸಿಗುತ್ತದೆ. ಉಳುಕಿದ ಕಾಲಿಗೆ ಸುತ್ತಲು ಒಂದು ಕ್ರೇಪ್ ಬ್ಯಾಂಡೇಜು ಸಿಗುವುದಿಲ್ಲ. ಇನ್ಯಾರೋ ತಂದಿರುತ್ತಾರೆ ಅಂತ ಎಲ್ಲರ ನಂಬಿಕೆ. ಜೀಪು ಬಿಡುವ ಮುಳ್ಳೋಡಿಯಿಂದ 1,894 ಮೀಟರ್ ಎತ್ತರದ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೋಮೀಟರ್. ನಡೆಯುತ್ತ ನಡೆಯುತ್ತ ಗುಂಪು ಮೂರು ತುಂಡಾಗುತ್ತದೆ. ಔಷಧಿ ಚೀಲ ಒಂದಿದ್ದರೂ ಅದು ಸಾಮಾನ್ಯವಾಗಿ ಉತ್ಸಾಹಿಯ ಬೆನ್ನ ಮೇಲಿರುತ್ತದೆ, ಉತ್ಸಾಹಿ ಎಲ್ಲರಿಗಿಂತ ಮುಂದಿರುತ್ತಾನೆ. ಕಾಲು ಉಳುಕುವುದು ಹಿಂದೆ ಬಿದ್ದವರಿಗೆ. ಆ ಚೀಲ ಕೊನೆಯಲ್ಲಿ ನಡೆಯುವವರ ಹತ್ತಿರ ಇರಬೇಕು ಎಂಬ ಒಂದು ಮಾತನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಮಳೆಗಾಲದ್ದು ಇನ್ನೊಂದು ಕತೆ. ಬ್ಯಾಗಿಗೆ ಹೊರಗಿನಿಂದ ರೇನ್ ಕವರ್ ಹಾಕಿ ಎನ್ನುತ್ತಾರೆ. ಇಲ್ಲಿಯ ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ, ಬೆನ್ನಿಗೂ ಬ್ಯಾಗಿಗೂ ನಡುವೆ ನೀರು ಇಳಿಯುತ್ತದೆ. ಬ್ಯಾಗಿನ ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು, ಬಾಯಿ ತಿರುಚಿ ಕಟ್ಟಿದರೆ ಬಟ್ಟೆ ಒಣಗಿರುತ್ತದೆ. ಇಂಬಳಕ್ಕೂ ಅಷ್ಟೇ: ಒಬ್ಬೊಬ್ಬರೂ ಒಂದೊಂದು ಬಗೆಯ ಸ್ಪ್ರೇ ಕೊಳ್ಳುವ ಬದಲು ಹೊಗೆಸೊಪ್ಪು, ಸುಣ್ಣದ ಒಂದು ಗಂಟು ಇಡೀ ಗುಂಪಿಗೆ ಸಾಕು.

ಹಂಚಿಕೊಂಡು ಹೊರುವುದು ಹೇಗೆಂದು ನೋಡಲು ದೂರ ಹೋಗಬೇಕಿಲ್ಲ. ಶಿವರಾತ್ರಿಗೆ ಮುಂಚೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿಯ ದಾರಿಯಲ್ಲಿ ನಿಂತರೆ ಧರ್ಮಸ್ಥಳಕ್ಕೆ ನಡೆದುಹೋಗುವ ತಂಡಗಳು ಕಾಣುತ್ತವೆ. ತಂಡದ ಜೊತೆಗೊಂದು ಗೂಡ್ಸ್ ಗಾಡಿ. ಅದರಲ್ಲಿ ಅಕ್ಕಿ, ಪಾತ್ರೆ, ಸಿಲಿಂಡರ್, ಟಾರ್ಪಾಲು, ಚಾಪೆ. ದಿನಸಿಯ ಲೆಕ್ಕ ಒಬ್ಬರದು, ಒಲೆ ಇನ್ನೊಬ್ಬರದು, ಗುಳ್ಳೆ ಎದ್ದ ಪಾದಗಳ ಉಸ್ತುವಾರಿ ಮತ್ತೊಬ್ಬರದು. ಯಾವುದು ಯಾರ ಜವಾಬ್ದಾರಿ ಎಂದು ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ. ಹಾಗಂತ ಅದೂ ಪರಿಪೂರ್ಣವಲ್ಲ. ಗಾಡಿ ಮುಂದೆ ಹೋಗಿಬಿಟ್ಟರೆ ಘಾಟಿಯ ತಿರುವಿನಲ್ಲಿರುವವರ ಕೈಲಿ ನೀರಿನ ಬಾಟಲಿ ಬಿಟ್ಟು ಬೇರೇನೂ ಇರುವುದಿಲ್ಲ. ಅವರು ಹೋದ ಮೇಲೆ ರಸ್ತೆ ಬದಿಯಲ್ಲಿ ಉಳಿಯುವ ಲೋಟ, ತಟ್ಟೆಗಳನ್ನು ಯಾರೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ಚಾರಣಿಗರು ವಾಸಿ. ಅರಣ್ಯ ಇಲಾಖೆಯವರು ಬ್ಯಾಗು ತಪಾಸಣೆ ಮಾಡುತ್ತಾರೆಂಬ ಅಂಜಿಕೆಯೂ ಇದೆಯೆನ್ನಿ.

ತಿಂಡಿಯ ಹೊರೆ ನೋಡಿದರೆ ಮಾತ್ರ ನಗು ಬರುತ್ತದೆ. ಬಂದವರಿಗೆಲ್ಲ ಊಟ ಹಾಕುವ ಹೊರನಾಡಿನ ಅನ್ನಪೂರ್ಣೇಶ್ವರಿಯ ಊರಿಗೆ ಬೆಂಗಳೂರಿನಿಂದ ಚಿಪ್ಸ್ ಪೊಟ್ಟಣಗಳ ಮೆರವಣಿಗೆ! ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಹಾಗಾಗಿ ಹೊರಬೇಕಾದದ್ದು ಒಂದು ಹಗಲಿನ ಬುತ್ತಿ ಮಾತ್ರ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಅಂದರೆ ಯಾರ್‍ಯಾರು ಬರುತ್ತಾರೆ ಎಂಬುದು ಆಯೋಜಕರಿಗೆ ಹೊರಡುವ ಮೊದಲೇ ಗೊತ್ತಿರುತ್ತದೆ. ಹೆಸರು, ಗುರುತಿನ ಚೀಟಿಯ ಸಂಖ್ಯೆ ಬರೆದುಕೊಳ್ಳುವ ಅದೇ ಹಾಳೆಯಲ್ಲಿ ‘ಹೊರುವುದು’ ಎಂದು ಇನ್ನೊಂದು ಅಂಕಣ ಎಳೆಯುವುದಕ್ಕೆ ಖರ್ಚೇನೂ ಇಲ್ಲ. ಹಗ್ಗ ಒಬ್ಬರಿಗೆ, ಔಷಧಿ ಒಬ್ಬರಿಗೆ, ಕಸದ ಚೀಲ ಇಬ್ಬರಿಗೆ. ತುಂಬಿದ ಮೇಲೆ ಅದನ್ನು ಇಳಿಸುವುದು ಒಬ್ಬರ ಕೈಲಾಗದು.