ಪಥಲಕ್ಷಣ ವಿಚಾರ: ಚಿಕ್ಕೋಡಿ ಸೀಮೆಯ ಬೀದಿಗಳನ್ನು ಲಕ್ಷ್ಯವಾಗಿಟ್ಟು ಒಂದು ವಿಮರ್ಶೆ

ಲಕ್ಷಣಗ್ರಂಥವನ್ನು ಪರೀಕ್ಷಿಸುವುದಕ್ಕೆ ಲಕ್ಷ್ಯವನ್ನು ಬಿಟ್ಟು ಬೇರೆ ಒರೆಗಲ್ಲಿಲ್ಲ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಸೈಕಲ್ ಹಾದಿಗಳನ್ನು ಕುರಿತು 1962ರಲ್ಲಿಯೂ ಪಾದಚಾರಿಗಳ ಸೌಕರ್ಯವನ್ನು ಕುರಿತು 1988ರಲ್ಲಿಯೂ ನಿಬಂಧಗಳನ್ನು ಹೊರಡಿಸಿತು. ಎರಡನೆಯದು 2012ರಲ್ಲಿ ಪರಿಷ್ಕೃತವಾಯಿತು. ಇಂಜಿನಿಯರರಿಗೆ ಇವೇ ಪ್ರಮಾಣವಾಗಿದ್ದುದರಿಂದ ಇವುಗಳ ಗುಣದೋಷಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬೀದಿಗಳಲ್ಲಿಟ್ಟು ನೋಡುವುದು ಉಚಿತವಾಗಿದೆ.

ಗುಣವನ್ನು ಮೊದಲು ಹೇಳತಕ್ಕದ್ದು. 2012ರ ನಿಬಂಧವು ಪಾದಚಾರಿಗೆ ಅಡೆತಡೆಯಿಲ್ಲದ 1.8 ಮೀಟರು ಅಗಲವನ್ನೂ 2.2 ಮೀಟರು ಎತ್ತರವನ್ನೂ ಕನಿಷ್ಠವೆಂದು ವಿಧಿಸಿದೆ. ಕೌಟಿಲ್ಯನು ದುರ್ಗನಿವೇಶ ಪ್ರಕರಣದಲ್ಲಿ ರಥಪಥಕ್ಕೆ 5 ಅರತ್ನಿ, ಪಶುಪಥಕ್ಕೆ 4, ಕ್ಷುದ್ರಪಶುಗಳ ಮತ್ತು ಮನುಷ್ಯರ ಪಥಕ್ಕೆ 2 ಅರತ್ನಿ ಎಂದಿರುವನು. ಅರತ್ನಿಯೆಂದರೆ ಸುಮಾರು ಒಂದೂವರೆ ಅಡಿ. ಆದಕಾರಣ ಪ್ರಾಚೀನನು ಕೊಟ್ಟ ಮೂರಡಿಯ ಇಮ್ಮಡಿಯನ್ನು ನವೀನರು ಕೊಟ್ಟಂತಾಯಿತು. ಮನುಷ್ಯಪಥವನ್ನು ತಡೆದವನಿಗೆ 12 ಪಣ, ಮಹಾಪಶುಪಥವನ್ನು ತಡೆದವನಿಗೆ 24 ಪಣ ಎಂಬ ಆತನ ದಂಡಕ್ರಮದಲ್ಲಿಯೂ ನಡೆಯುವವನ ಹಾದಿಯೇ ಅಗ್ಗವಾಗಿತ್ತೆಂಬುದು ಗಮನಾರ್ಹ.

ಬಂಡಿಯನ್ನೂ ಮನುಷ್ಯನನ್ನೂ ಬೇರೆಬೇರೆ ಮಾಡುವುದು ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಇದರಿಂದ ಹಿಗ್ಗುವವರುಂಟು. ಅದು ಅರ್ಧಸತ್ಯ. ಕೌಟಿಲ್ಯನು ಮನುಷ್ಯನನ್ನು ಆಡುಕುರಿಗಳೊಡನೆ ಒಂದೇ ಹಾದಿಯಲ್ಲಿರಿಸಿದನು. ಆತನ ವಿಭಾಗಕ್ಕೆ ನಿಮಿತ್ತವು ಜಾತಿಯಲ್ಲ, ಭಾರ ಮತ್ತು ವೇಗ. ಈ ಸೂಕ್ಷ್ಮವು ನವೀನರ ಕೈಯಿಂದ ಜಾರಿತೆನ್ನಬೇಕು. ಪಾದಚಾರಿ, ಸೈಕಲ್, ಮೋಟಾರು ಎಂದು ಮೂರನ್ನೇ ಎಣಿಸಿದರೆ ಕಬ್ಬಿನ ಚಕ್ಕಡಿಯು ಎಲ್ಲಿ ಸೇರಬೇಕು? ಉಗಾರದ ಕಾರ್ಖಾನೆಯ ಕಡೆಗೆ, ಅಥಣಿ ರಾಯಬಾಗಗಳ ಹಾದಿಗಳಲ್ಲಿ, ಹಂಗಾಮು ಬಂದೊಡನೆ ಚಕ್ಕಡಿಗಳೂ ಜೋಡಿ ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳೂ ಸಾಲುಗಟ್ಟುವುವು. ಚಕ್ಕಡಿಗೆ ಪಾದಚಾರಿಯ ವೇಗ, ಲಾರಿಯ ಅಗಲ. ಹಿಂದೆ ದೀಪವಿಲ್ಲ. ಅದನ್ನು ದಾಟಲು ಮೋಟಾರು ಬಲಕ್ಕೆ ಸರಿದಾಗ ಎದುರಿನಿಂದ ಬರುವ ಸೈಕಲ್ಲಿನವನು ಹೊಲಕ್ಕಿಳಿಯಬೇಕು. ವರ್ಷದ ನಾಲ್ಕೈದು ತಿಂಗಳು ರಸ್ತೆಯನ್ನಾಳುವ ವಾಹನವೇ ಲಕ್ಷಣದೊಳಗೆ ಬಾರದಿರುವುದು ಸ್ಪಷ್ಟವಾದ ಅವ್ಯಾಪ್ತಿ.

ಸೈಕಲ್ಲಿನ ನಿಬಂಧದಲ್ಲಿರುವುದು ಇದಕ್ಕಿಂತ ದೊಡ್ಡ ದೋಷ. ಮೋಟಾರುಗಳು ಗಂಟೆಗೆ 100ರಿಂದ 200ರವರೆಗೆ ಓಡಾಡುವಲ್ಲಿ, ದಟ್ಟಣೆಯ ಗಂಟೆಯಲ್ಲಿ 400 ಸೈಕಲ್ಲುಗಳಿದ್ದರೆ ಪ್ರತ್ಯೇಕ ಹಾದಿಯು ಯೋಗ್ಯವೆಂದೂ, ಮೋಟಾರುಗಳು ಅದಕ್ಕೂ ಹೆಚ್ಚಿದ್ದಲ್ಲಿ 100 ಸೈಕಲ್ಲುಗಳಾದರೂ ಸಾಕೆಂದೂ 1962ರ ಪಾಠ. ಹಾದಿಯಿಲ್ಲದಲ್ಲಿ ಭಯದಿಂದ ಸೈಕಲ್ ಬಿಟ್ಟವನು ಎಣಿಕೆಗೆ ಬರನು. ಎಣಿಕೆಗೆ ಬಾರದುದರಿಂದ ಹಾದಿ ಆಗದು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆನ್ನುವರು. 2006-07ರಿಂದ ಹಲವು ವರ್ಷ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿತು. ಹಳ್ಳಿಯಿಂದ ಶಾಲೆಗೆ ಆ ಮಕ್ಕಳು ತುಳಿದದ್ದು ಟ್ರ್ಯಾಕ್ಟರಿನ ಗಾಲಿಯ ಪಕ್ಕದಲ್ಲಿಯೇ. ಸಾಧನವನ್ನು ಕೊಟ್ಟು ಅಧಿಕರಣವನ್ನು ಮರೆತರೆ ಕ್ರಿಯೆಯು ಸಿದ್ಧಿಸುವುದು ಹೇಗೆ?

ಇನ್ನು ಚಾಲಕನ ವಿಷಯ. ಮನುವಿನ ಎಂಟನೆಯ ಅಧ್ಯಾಯದಲ್ಲಿ ಸಾರಥಿಯು ‘ಸರಿ, ಸರಿ’ ಎಂದು ಕೂಗಿದ್ದರೆ ದಂಡವಿಲ್ಲವೆಂದಿದೆ. ಎರಡನೆಯ ಅಧ್ಯಾಯದಲ್ಲಿಯಾದರೋ ವೃದ್ಧನಿಗೆ, ರೋಗಿಗೆ, ಹೊರೆಹೊತ್ತವನಿಗೆ, ಸ್ತ್ರೀಗೆ ಹಾದಿ ಬಿಡಬೇಕೆಂದಿದೆ. ಇವು ಪರಸ್ಪರ ವಿರುದ್ಧವೆಂದು ತೋರುವುದು ಮೇಲ್ನೋಟಕ್ಕೆ ಮಾತ್ರ. ಹಾದಿ ಬಿಡುವುದು ಉತ್ಸರ್ಗ. ಕೂಗಿದವನಿಗೆ ದಂಡವಿಲ್ಲವೆಂಬುದು ಅಪವಾದ. ದಂಡಾಭಾವವು ಅಧಿಕಾರವಲ್ಲ. ಹಾದಿಯಲ್ಲಿ ದನವಾಗಲಿ ಮತ್ತೊಂದು ಬಂಡಿಯಾಗಲಿ ಅಡ್ಡವಿರುವಾಗ ಪ್ರಾಣಹಾನಿ ಮಾಡಿದವನಿಗೆ ದಂಡವು ನಿಶ್ಚಿತವೆಂದು ಅದೇ ಅಧ್ಯಾಯವು ಮುಂದೆ ಹೇಳುವುದರಿಂದ ಈ ಅರ್ಥವೇ ದೃಢಪಡುವುದು. ಹಾರ್ನು ಬಾರಿಸಿದೊಡನೆ ಹಾದಿಯು ತನ್ನದಾಯಿತೆಂದು ತಿಳಿಯುವ ಇಂದಿನ ಚಾಲಕನು ಅಪವಾದವನ್ನೇ ಉತ್ಸರ್ಗವಾಗಿ ಓದಿರುವನು. ನಿಪ್ಪಾಣಿಯಲ್ಲಿ ಕಟ್ಟಿದ ಬೀಡಿಯನ್ನೊಪ್ಪಿಸಲು ನಡೆದುಹೋಗುವ ಹೆಂಗಸು ಮನುವಿನ ಪಟ್ಟಿಯಲ್ಲಿ ಎರಡು ಕಾರಣಗಳಿಂದ ಹಾದಿಗೆ ಅರ್ಹಳು; ಬೀದಿಯಲ್ಲಿ ಸರಿಯುವವಳು ಅವಳೇ. ಸಾರಥಿಯ ಅಕೌಶಲಕ್ಕೆ ಒಡೆಯನನ್ನು ದಂಡಿಸಿ ಮನುವು ನಿಂತನು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮು ನಿಯಮ ಮೀರಿ ರಸ್ತೆಯನ್ನು ರಚಿಸಿದವನವರೆಗೂ ಹೊಣೆಯನ್ನೊಯ್ದು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಿದೆ. ಈ ಅಂಶದಲ್ಲಿ ನವೀನರೇ ಮೇಲು.

ಎಲ್ಲರಿಗೂ ಒಂದೇ ನೆಲವಿರಲಿ, ಮೋಟಾರೇ ನಡಿಗೆಯ ವೇಗಕ್ಕಿಳಿಯಲಿ ಎಂಬ ಪಕ್ಷವು ಹಾಲೆಂಡಿನಲ್ಲಿ ಹುಟ್ಟಿತು. 1976ರಲ್ಲಿ ಅಲ್ಲಿ ಅದಕ್ಕೆ ಕಾಯ್ದೆಯ ಮನ್ನಣೆ ದೊರೆಯಿತು. ಅಂಚುಗಲ್ಲನ್ನು ಕೋಲಿನಿಂದ ತಡವಿ ನಡೆಯುವ ಕುರುಡರ ಆಕ್ಷೇಪಣೆಗಳು ಹೆಚ್ಚಿದ್ದರಿಂದ 2018ರಲ್ಲಿ ಇಂಗ್ಲೆಂಡಿನ ಸರಕಾರವು ಅಂಥ ಹೊಸ ಯೋಜನೆಗಳನ್ನು ತಡೆಹಿಡಿಯಹೇಳಿತು. ಆಕ್ಷೇಪಣೆಯು ಯುಕ್ತವಾದದ್ದು, ಆದರೂ ಚಿಕ್ಕೋಡಿ, ರಾಯಬಾಗಗಳ ಹಳೆಯ ಓಣಿಗಳಿಗೆ ಈ ಪಕ್ಷವೇ ಸಮೀಪ. ಅಲ್ಲಿ ಎರಡು ಬದಿಗೂ 1.8 ಮೀಟರು ಬಿಟ್ಟರೆ ನಡುವೆ ಚಕ್ಕಡಿಗೆ ಎಡೆಯಿರದು. ವಿಧಿಯನ್ನು ಪಾಲಿಸಿದಂತೆ ತೋರಿಸಲು ಗಟಾರದ ಮೇಲೆ ಎರಡಡಿಯ ಚಪ್ಪಡಿ ಹಾಸಿ ಅದಕ್ಕೆ ಫುಟ್‌ಪಾಥೆಂಬ ಹೆಸರನ್ನಿಡುವುದು ಲಕ್ಷಣಾಭಾಸವೇ ಸರಿ. ವಿಜಯಪುರದಿಂದ ಅಥಣಿ, ಚಿಕ್ಕೋಡಿಗಳನ್ನು ಹಾಯ್ದು ಬರುವ ಹೆದ್ದಾರಿಗೆ ಮಾತ್ರ ಹಾಲೆಂಡಿನ ಓಣಿಯ ನ್ಯಾಯವು ಸಲ್ಲದು. ಅಲ್ಲಿ ಡಾಂಬರಿನ ಅಂಚಿಗೆ ಚಕ್ಕಡಿಯು ಎರಡು ಗಾಲಿಯನ್ನೂ ಇಳಿಸಿ ನಡೆಯುವಷ್ಟು ಗಟ್ಟಿ ನೆಲವೂ, ಅದರಾಚೆ ಸೈಕಲ್ಲಿಗೆ ಬೇರೆ ಹಾದಿಯೂ ಬೇಕು. ಮುಂದಿನ ಪರಿಷ್ಕರಣದಲ್ಲಿ ಎಣಿಸಬೇಕಾದದ್ದು ಈಗ ಸೈಕಲ್ ತುಳಿಯುವವರನ್ನಲ್ಲ, ಆ ಹಾದಿಯ ಪಕ್ಕದ ಶಾಲೆಗಳ ಪಟದಲ್ಲಿರುವ ಮಕ್ಕಳನ್ನು.